ಬೆನ್ನುಮೂಳೆಗೆ ಪೆಟ್ಟಾದಾಗ: ಆಸ್ಪತ್ರೆಯಲ್ಲೇ ಕೇಳಿ ಕಲಿಯೋಣ



ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಮರ ಹತ್ತಿದ್ದ ನಮ್ಮ ಸದಸ್ಯೆಯೊಬ್ಬರ ಗಂಡ ಕಾಲು ಜಾರಿ ಬಿದ್ದರು. ಓಡಿ ಬಂದ ನೆರೆಯವರು ಕೈಕಾಲು ಹಿಡಿದು ಎತ್ತಿ, ಜೀಪಿನಲ್ಲಿ ಹಾಕಿ ಆಸ್ಪತ್ರೆಗೆ ಸೇರಿಸಿದರು. ಮರುದಿನ ನಾವು ನೋಡಲು ಹೋದಾಗ ಅವರು ಹೇಳಿದ್ದು ಇಷ್ಟೇ: "ಸಿಸ್ಟರ್, ಬೆನ್ನು ತುಂಬ ನೋಯ್ತದೆ. ಆದ್ರೆ ಕಾಲು ನೋಯುವುದೇ ಇಲ್ಲ. ಅದೇ ಹೆದರಿಕೆ."

ಆ ಹೆದರಿಕೆಗೆ ಕಾರಣವಿತ್ತು. ನಮ್ಮ ಬೆನ್ನುಮೂಳೆ ಎಂದರೆ ಒಂದರ ಮೇಲೊಂದು ಕೂತ ಸಣ್ಣ ಮೂಳೆಗಳ ಸಾಲು. ಅದರೊಳಗೆ ಬೆನ್ನುಹುರಿ ಇದೆ. ಮೆದುಳಿನ ಅಪ್ಪಣೆ ಕಾಲಿಗೆ ತಲುಪುವುದೂ, ಕಾಲಿನ ನೋವು ಮೆದುಳಿಗೆ ತಿಳಿಯುವುದೂ ಈ ಹುರಿಯ ಮೂಲಕವೇ. ಹುರಿಗೆ ಪೆಟ್ಟಾದರೆ ಆ ಜಾಗದಿಂದ ಕೆಳಗೆ ಶಕ್ತಿ, ಸ್ಪರ್ಶ, ಮಲಮೂತ್ರದ ಹಿಡಿತ ಕಡಿಮೆಯಾಗಬಹುದು, ಪೂರ್ತಿ ಹೋಗಲೂಬಹುದು. ಆಪರೇಷನ್ ಮಾಡಿ ರಾಡು, ಸ್ಕ್ರೂ ಹಾಕುವುದು ಮೂಳೆಯನ್ನು ಭದ್ರ ಮಾಡಲು. ಹುರಿಯನ್ನೇ ಮೊದಲಿನಂತೆ ಮಾಡುವ ಆಪರೇಷನ್ ಇಲ್ಲ. ಆದ್ದರಿಂದ ಆಪರೇಷನ್ ಆದ ಮೇಲಿನ ಆರೈಕೆ ಬಹಳ ಮುಖ್ಯ.

ನೋವಿಲ್ಲದ ಹುಣ್ಣು

ಆಪರೇಷನ್ ಆಗಿ ಎರಡು ವಾರ ಕಳೆದಿತ್ತು. ಬಟ್ಟೆ ಬದಲಿಸುವಾಗ ನರ್ಸ್ ನೋಡಿದರು, ಸೊಂಟದ ಹಿಂದೆ ಅಂಗೈಯಗಲ ಹುಣ್ಣು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ನಾವಾದರೆ ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ. ಸ್ಪರ್ಶವಿಲ್ಲದವರು ಒಂದೇ ಭಂಗಿಯಲ್ಲಿ ಮಲಗಿದರೆ ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿ, ರಕ್ತ ಓಡಾಡದೆ ಕೊಳೆಯುತ್ತದೆ. ಇದನ್ನೇ ಬೆಡ್‌ಸೋರ್ ಎನ್ನುತ್ತಾರೆ. ನಂಜೇರಿದರೆ ಜೀವಕ್ಕೇ ಅಪಾಯ.

"ತಿರುಗಿಸಿ ಮಲಗಿಸಿ ಅಂತ ಹೇಳಿದ್ದರು ಸಿಸ್ಟರ್. ಆದ್ರೆ ತಿರುಗಿಸಿದ್ರೆ ರಾಡು ಬಿಟ್ಟು ಹೋದೀತು ಅಂತ ನಾನು ಮುಟ್ಟಲೇ ಇಲ್ಲ" ಎಂದು ಆಕೆ ಅತ್ತರು. ತಪ್ಪು ಆಕೆಯದಲ್ಲ. ಹೇಳಿದವರಿದ್ದರು, ಮಾಡಿ ತೋರಿಸಿದವರಿರಲಿಲ್ಲ. ಆ ವಾರ್ಡಿನಲ್ಲಿ ರೋಗಿಗಳು ತುಂಬಿದ್ದರು, ನರ್ಸ್‌ಗಳು ಕಡಿಮೆ. ಅಂಥ ಕಡೆ ನಾವೇ ಕೇಳಿ ಕಲಿಯಬೇಕು.

ಕಲಿಯಬೇಕಾದದ್ದು

• ಡಾಕ್ಟರ ಒಪ್ಪಿಗೆ ಪಡೆದು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿ ಕೂಡ. ಇಬ್ಬರು ಮೂವರು ಸೇರಿ, ಕೆಳಗಿನ ಬೆಡ್‌ಶೀಟ್ ಹಿಡಿದು, ತಲೆ, ಭುಜ, ಸೊಂಟ ಒಟ್ಟಿಗೆ ತಿರುಗುವಂತೆ ಮಾಡಬೇಕು. ಬೆನ್ನು ತಿರುಚಬಾರದು.
• ಮಂಡಿಗಳ ನಡುವೆ ದಿಂಬು ಇಡಿ. ಹಿಮ್ಮಡಿ ಹಾಸಿಗೆಗೆ ತಾಗದಿರಲಿ.
• ದಿನಾ ಸೊಂಟ, ಪೃಷ್ಠ, ಹಿಮ್ಮಡಿ ನೋಡಿ. ಒತ್ತಿದರೂ ಮಾಯವಾಗದ ಕೆಂಪು ಅಥವಾ ಕಪ್ಪು ಕಲೆ ಹುಣ್ಣಿನ ಆರಂಭ. ಅದನ್ನು ತಿಕ್ಕಬೇಡಿ; ಆ ಬದಿಗೆ ಮಲಗಿಸಬೇಡಿ.
• ಸ್ಪರ್ಶವಿಲ್ಲದ ಕಾಲಿಗೆ ಬಿಸಿನೀರಿನ ಶಾಖ ಕೊಡಬೇಡಿ. ಸುಟ್ಟರೂ ತಿಳಿಯುವುದಿಲ್ಲ.
• ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗಿರಲಿ, ನಳಿಗೆ ಮಡಚದಿರಲಿ. ಚಳಿಜ್ವರ ಬಂದರೆ ಅಥವಾ ಮೂತ್ರ ಕದಡಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.
• ಡಿಸ್‌ಚಾರ್ಜ್‌ಗೆ ಮುಂಚೆ ಇದನ್ನೆಲ್ಲ ನರ್ಸ್ ಎದುರು ನೀವೇ ಮಾಡಿ ನೋಡಿ. ಫಿಸಿಯೋಥೆರಪಿ ಎಲ್ಲಿ, ಮತ್ತೆ ಯಾವಾಗ ಬರಬೇಕು ಎಂದು ಕೇಳಿ ಬರೆಸಿಕೊಳ್ಳಿ.

ಇನ್ನೊಂದು ಮಾತು. ಡಾಕ್ಟರು ಎಲ್ಲವನ್ನೂ ಹೆಂಡತಿಗೆ ಹೊರಗೆ ಕರೆದು ಹೇಳುತ್ತಿದ್ದರು. "ಏನೆಂದು ನನಗೆ ಯಾರೂ ಹೇಳುವುದಿಲ್ಲ" ಎಂದು ಅವರು ಊಟ ಬಿಟ್ಟಿದ್ದರು. ರೋಗಿಯ ಎದುರಿಗೇ, ಅವರಿಗೂ ಅರ್ಥವಾಗುವಂತೆ ಹೇಳಿ ಎಂದು ನಾವು ವಿನಂತಿಸಬಹುದು. ಅದು ಅವರ ಹಕ್ಕು.

ಬಿದ್ದ ಕೂಡಲೇ

ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ. 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ತಲೆ, ಕುತ್ತಿಗೆ, ಬೆನ್ನು ನೇರವಾಗಿರುವಂತೆ ನಾಲ್ಕೈದು ಜನ ಸೇರಿ ಹಲಗೆಯ ಮೇಲೆ ಮಲಗಿಸಿ.

ಬಿಪಿಎಲ್ ಕುಟುಂಬಕ್ಕೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ವಿಚಾರಿಸಿ. ನಡೆಯುವ ಶಕ್ತಿ ಬಾರದಿದ್ದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು. ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಸಹಾಯ ಮಾಡುತ್ತಾರೆ.

ನಮ್ಮ ಆ ಸಹೋದರಿಗೆ ಸಂಘ ಸಾಲ ಕೊಟ್ಟಿತು. ಅದಕ್ಕಿಂತ ದೊಡ್ಡ ಉಪಕಾರವೆಂದರೆ, ಸಂಘದ ನಾಲ್ವರು ಆಸ್ಪತ್ರೆಗೆ ಹೋಗಿ ತಿರುಗಿಸುವುದನ್ನು ಕಲಿತು, ಮನೆಗೆ ಬಂದ ಮೇಲೆ ಸರದಿಯಲ್ಲಿ ರಾತ್ರಿ ಉಳಿದದ್ದು. ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಅವರು ಇನ್ನೂ ನಡೆಯುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಅಡಿಕೆ ಸುಲಿಯುತ್ತಾರೆ. ಗಂಟೆಗೆ ಹಲವು ಬಾರಿ ಕೈಯೂರಿ ಮೈ ಎತ್ತುತ್ತಾರೆ, ಹುಣ್ಣು ಮತ್ತೆ ಬಾರದಿರಲೆಂದು.

ಮುಂದಿನ ವಾರದ ಸಭೆಗೆ ಒಂದು ಬೆಡ್‌ಶೀಟ್, ಎರಡು ದಿಂಬು ತನ್ನಿ. ಒಬ್ಬರನ್ನು ಮಲಗಿಸಿ, ತಿರುಗಿಸುವುದನ್ನು ಎಲ್ಲರೂ ಅಭ್ಯಾಸ ಮಾಡೋಣ.