ಕೂಸಿನ ಕೋಣೆಗೆ ಬೆಳಕು ಬರಲಿ

ಅಣ್ಣಿಗೇರಿ ಸುತ್ತಿನ ಮನೆಗಳಲ್ಲಿ ಬಾಣಂತಿ ಕೋಣೆಯ ಕಿಟಕಿಗೆ ಹಳೇ ಸೀರೆ ಕಟ್ಟುವುದುಂಟು. "ಬೆಳಕ ಬಿದ್ರ ಎಳೀಗಣ್ಣು ಕೆಡ್ತಾವ" ಎನ್ನುತ್ತಾರೆ ಆಯಿ. ಕೂಸಿಗೆ ಥಂಡಿ ತಾಗಬಾರದೆಂಬ ಎಚ್ಚರ ಸರಿ, ಕತ್ತಲೆ ಮಾತ್ರ ಸರಿಯಲ್ಲ. ನೇರ ಬಿಸಿಲು ಕಣ್ಣಿಗೆ ಬೀಳದಿದ್ದರೆ ಸಾಕು. ಹಗಲಿನ ಹದವಾದ ಬೆಳಕು ಬೇಕೇ ಬೇಕು. ಕಣ್ಣಿಗೆ ಬಿದ್ದ ನೋಟದಿಂದಲೇ ಮಿದುಳು ನೋಡಲು ಕಲಿಯುತ್ತದೆ. ಎಳೆಯದರಲ್ಲಿ ಒಂದು ಕಣ್ಣು ಮುಚ್ಚಿಹೋದರೆ ಮಿದುಳು ಆ ಕಣ್ಣನ್ನೇ ಕಡೆಗಣಿಸುತ್ತದೆಂದು ಬೆಕ್ಕಿನ ಮರಿಗಳಲ್ಲಿ ತೋರಿಸಿದವರು ಹ್ಯೂಬೆಲ್ ಮತ್ತು ವೀಸೆಲ್. ದೃಷ್ಟಿಯ ಕುರಿತ ಸಂಶೋಧನೆಗಾಗಿ 1981ರಲ್ಲಿ ಅವರಿಗೆ ನೊಬೆಲ್ ಬಂತು. ಇನ್ನೊಂದು ಮಾತು: ಕತ್ತಲಲ್ಲಿ ಮಲಗಿದ ಕೂಸಿಗೆ ಕಾಮಣಿಯಾಗಿ ಮೈ ಹಳದಿ ತಿರುಗಿದರೂ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಹೆಚ್ಚು ಭಯ ಇದರದೇ.

ಹಸುಗೂಸಿಗೆ ಏನೂ ಕಾಣಿಸದು ಎಂಬುದೂ ಸುಳ್ಳು. 20ರಿಂದ 30 ಸೆಂ.ಮೀ. ದೂರದ್ದು, ಅಂದರೆ ಒಂದು ಗೇಣು ಮೇಲೆ ಸ್ವಲ್ಪ, ಅದಕ್ಕೆ ಕಾಣುತ್ತದೆ. ಹಾಲು ಕುಡಿಯುವಾಗ ಅವ್ವನ ಮುಖ ಇರುವುದು ಅಷ್ಟೇ ದೂರದಲ್ಲಿ. ಆ ಮುಖಕ್ಕಿಂತ ಒಳ್ಳೆಯ ಆಟಿಕೆ ಯಾವ ಅಂಗಡಿಯಲ್ಲೂ ಇಲ್ಲ.

ದುಬಾರಿ ಬಣ್ಣದ ಆಟಿಕೆ ತಂದರೆ ಬುದ್ಧಿ ಚುರುಕಾಗುತ್ತದೆಯೇ? ಮೊದಲ ವಾರಗಳಲ್ಲಿ ಕೂಸಿನ ಕಣ್ಣು ಹಿಡಿಯುವುದು ಕಪ್ಪು-ಬಿಳುಪಿನ ದಪ್ಪ ಗೆರೆಗಳನ್ನು. ಬಣ್ಣಗಳ ಗುರುತು ತಿಂಗಳು ತಿಂಗಳಿಗೆ ಬಲಿಯುತ್ತದೆ. ಕಲಘಟಗಿ ತೊಟ್ಟಿಲ ಮೇಲಿನ ಸಣ್ಣಸಣ್ಣ ಚಿತ್ರಗಳು ಸದ್ಯಕ್ಕೆ ದೊಡ್ಡವರ ಸಂತೋಷಕ್ಕೆ. ತೊಟ್ಟಿಲಿಗೆ ಗಿಲಕಿ ಕಟ್ಟುವಾಗ ನಟ್ಟನಡುವೆ ಎತ್ತರದಲ್ಲಿ ಕಟ್ಟುತ್ತೇವೆ. ಆದರೆ ಮೊದಲೆರಡು ತಿಂಗಳು ಅಂಗಾತ ಮಲಗಿದ ಕೂಸು ಕತ್ತನ್ನು ಒಂದು ಮಗ್ಗುಲಿಗೆ ಹೊರಳಿಸಿಕೊಂಡೇ ಇರುತ್ತದೆ. ಗಿಲಕಿಯನ್ನು ಆ ಮಗ್ಗುಲಿಗೆ, ಹತ್ತಿರ ಹಿಡಿದು ಮೆಲ್ಲಗೆ ಸರಿಸಿ ನೋಡಿ, ಕಣ್ಣು ಅದರ ಬೆನ್ನು ಹತ್ತುತ್ತದೆ. ಕೈಚಾಚಿ ಹಿಡಿಯುವ ವಯಸ್ಸಾದರೆ ದಾರ ಬಿಚ್ಚಿಬಿಡಿ. ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರೇ, ಕೂಸನ್ನು ಕೌದಿಯ ಮೇಲೋ ನವಲಗುಂದದ ಜಮಖಾನದ ಮೇಲೋ ಬೋರಲು ಮಲಗಿಸಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಜಮಖಾನದ ದಿಟ್ಟ ಬಣ್ಣ, ನೇರ ಗೆರೆಗಳು ನೋಡಲಿಕ್ಕೆ ಬೇಕಾದಷ್ಟಾಯಿತು.

ಕಾಡಿಗೆ ಹಚ್ಚಿದರೆ ಕಣ್ಣು ದೊಡ್ಡದಾಗುವುದಿಲ್ಲ. ಕೆಲವು ಕಾಡಿಗೆಗಳಲ್ಲಿ ಸೀಸವಿರುತ್ತದೆ. ಮೊಬೈಲ್ ಹಾಡಿನಿಂದ ಕೂಸು ಜಾಣವಾಗುವುದೂ ಇಲ್ಲ. ಒಂದು ವರ್ಷದೊಳಗಿನವರಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಮೆಳ್ಳಗಣ್ಣು ಅದೃಷ್ಟವೆಂದು ಸುಮ್ಮನಿರುವವರಿದ್ದಾರೆ. ಮೊದಲ ತಿಂಗಳುಗಳಲ್ಲಿ ಕಣ್ಣು ಆಗಾಗ ಅತ್ತಿತ್ತ ಹೋಗುವುದು ಸಹಜ. ನಾಲ್ಕು ತಿಂಗಳು ದಾಟಿದ ಮೇಲೂ ಮೆಳ್ಳ ಉಳಿದರೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಕಣ್ಣಪಾಪೆ ಬೆಳ್ಳಗೆ ಕಂಡರಂತೂ ಒಂದು ದಿನವೂ ತಡಮಾಡದೆ ಹುಬ್ಬಳ್ಳಿಗೆ ಕರೆದೊಯ್ಯಿರಿ.