ಅಮೃತಬಳ್ಳಿ ಸಾರ ಮತ್ತು ರೋಗ ನಿರೋಧಕ ಶಕ್ತಿ: ಸಾರ್ವಜನಿಕರಿಗೆ ಮಾಹಿತಿ

ಆಯುರ್ವೇದದಲ್ಲಿ ಗುಡೂಚಿ ಎಂದು ಕರೆಯಲ್ಪಡುವ ಅಮೃತಬಳ್ಳಿಯ ಕಾಂಡವನ್ನು ಜ್ವರ ಮುಂತಾದ ರೋಗಗಳ ಚಿಕಿತ್ಸೆಯಲ್ಲಿ ಬಹುಕಾಲದಿಂದ ಬಳಸಲಾಗುತ್ತಿದೆ. ಇದರ ಸಾರವು, ರೋಗಾಣುಗಳನ್ನು ನುಂಗಿ ನಾಶಪಡಿಸುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳನ್ನು ಪ್ರಚೋದಿಸುತ್ತದೆ ಎಂಬುದು ಪ್ರಯೋಗಾಲಯದ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಇದನ್ನು ಸೇವಿಸಿದವರಿಗೆ ಸೋಂಕು ತಗಲುವುದೇ ಇಲ್ಲವೆಂದು ಭಾವಿಸಬಾರದು.

ಈ ಪ್ರಚೋದನೆಯು ಎಲ್ಲರಿಗೂ ಹಿತಕರವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಸ್ವಂತ ಅಂಗಾಂಗಗಳಿಗೆ ಹಾನಿಯುಂಟುಮಾಡುವ ರುಮಟಾಯ್ಡ್ ಸಂಧಿವಾತ, ಲೂಪಸ್ ಮುಂತಾದ ಕಾಯಿಲೆಗಳು ಉಲ್ಬಣಿಸುವ ಸಂಭವವಿದೆ. ಕೋವಿಡ್ ಅವಧಿಯಲ್ಲಿ ಇದನ್ನು ಸ್ವತಃ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಭಾರತದ ವೈದ್ಯರು 2021ರಲ್ಲಿ ವರದಿ ಮಾಡಿದರು. ಅಮೃತಬಳ್ಳಿ ಸುರಕ್ಷಿತವೆಂದೂ, ಅದನ್ನು ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಎಂಬ ಬಳ್ಳಿಯು ಹಾನಿಕರವಾಗಬಹುದೆಂದೂ ಕೇಂದ್ರ ಆಯುಷ್ ಸಚಿವಾಲಯವು 2022ರಲ್ಲಿ ಸ್ಪಷ್ಟಪಡಿಸಿತು. ಆ ಬಳ್ಳಿಯ ಕಾಂಡದ ಮೇಲೆ ಗುಳ್ಳೆಗಳಂತಹ ಉಬ್ಬುಗಳು ದಟ್ಟವಾಗಿರುತ್ತವೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು:

1. ನೋಂದಾಯಿತ ಆಯುಷ್ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.
2. ಮಧುಮೇಹ, ಯಕೃತ್ತಿನ ತೊಂದರೆ ಇರುವವರು ಹಾಗೂ ಗರ್ಭಿಣಿಯರು ಆ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸುವುದು.
3. ಔಷಧಿ ಕೊಳ್ಳುವಾಗ ತಯಾರಿಕಾ ಪರವಾನಗಿ ಸಂಖ್ಯೆಯನ್ನು ಪರಿಶೀಲಿಸುವುದು.
4. ಕಣ್ಣು ಅಥವಾ ಮೂತ್ರ ಹಳದಿಯಾದಲ್ಲಿ ಸೇವನೆಯನ್ನು ನಿಲ್ಲಿಸಿ, ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸುವುದು.