ಬಾರದ ಮನೆ: ಕಾಯುವುದೇ, ಹಿಂದೆಗೆಯುವುದೇ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ ಕಾಲದಲ್ಲಿ ಮನೆಯು ಕಟ್ಟಿಸುವವನ ಕಣ್ಣೆದುರಿಗೇ ಏಳುತ್ತಿತ್ತು. ಕೆಂಪುಕಲ್ಲು ಬಂದಿತೇ, ಮೇಸ್ತ್ರಿ ಬಂದನೇ, ಮಳೆಗಾಲಕ್ಕೆ ಮುನ್ನ ಮಾಡಿಗೆ ಹಂಚು ಹೊದಿಸಲಾದೀತೇ ಎಂಬ ಚಿಂತೆಯೆಲ್ಲ ಅವನದೇ ಆಗಿತ್ತು. ತಡವಾದರೆ ಅದರ ಕಾರಣವೂ ಅವನಿಗೆ ತಿಳಿದಿರುತ್ತಿತ್ತು. ಇಂದು ಪಟ್ಟಣವಾಸಿಗಳಲ್ಲಿ ಹಲವರು ಮನೆ ಕಟ್ಟುವುದಿಲ್ಲ, ಕೊಳ್ಳುತ್ತಾರೆ. ಅದೂ ಇನ್ನೂ ಅಸ್ತಿತ್ವಕ್ಕೆ ಬಾರದ ಮನೆಯನ್ನು. ನಕ್ಷೆಯನ್ನು ನೋಡಿ, ಮಾದರಿ ಮನೆಯೊಂದನ್ನು ಸುತ್ತಿ ಬಂದು, ಕರಾರಿಗೆ ರುಜು ಹಾಕಿ, ಕಂತು ಕಂತಾಗಿ ಹಣ ಕಟ್ಟಿ, ಕೀಲಿಕೈ ಕೊಡುವ ದಿನಕ್ಕಾಗಿ ಕಾಯುತ್ತಾರೆ.

ಆ ದಿನ ಬಾರದೇ ಹೋದರೆ? ಒಂದು ವರ್ಷ ಎರಡಾಗಿ, ಎರಡು ಮೂರಾಗಿ, 'ಬರುವ ಕ್ರಿಸ್ಮಸ್ಸಿಗೆ ಖಂಡಿತ' ಎಂಬ ಮಾತು ಮೂರನೆಯ ಕ್ರಿಸ್ಮಸ್ಸನ್ನೂ ದಾಟಿದರೆ? ಆಗ ಮನೆಯವರ ನಡುವೆ ಒಂದೇ ಪ್ರಶ್ನೆ ಉಳಿಯುತ್ತದೆ: ಕೊಟ್ಟ ಹಣವನ್ನು ವಾಪಸು ಕೇಳಿ ಬಿಟ್ಟುಬಿಡೋಣವೇ, ಇಷ್ಟು ಕಾದವರು ಇನ್ನಷ್ಟು ಕಾಯೋಣವೇ? ಕೊಲ್ಲಿ ರಾಷ್ಟ್ರದ ಸೆಖೆಯಲ್ಲಿ ದುಡಿದು ಹಣ ಕಳುಹಿಸಿದ ಗಂಡ ಬಿಡೋಣವೆನ್ನುತ್ತಾನೆ. ಬಾಡಿಗೆ ಮನೆಯಲ್ಲಿ ಮಕ್ಕಳೊಡನೆ ದಿನ ಎಣಿಸುವ ಹೆಂಡತಿ ಕಾಯೋಣವೆನ್ನುತ್ತಾಳೆ. ಸ್ವಂತ ಮನೆಯಲ್ಲಿ ಕಣ್ಣು ಮುಚ್ಚಬೇಕೆಂಬ ವೃದ್ಧ ತಂದೆ ಏನನ್ನೂ ಹೇಳುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಈ ಇಕ್ಕಟ್ಟು ದಾಂಪತ್ಯದ ಶಾಂತಿಯನ್ನೇ ಕದಡುವುದನ್ನು ನಾವು ಬಲ್ಲೆವು. ಆದುದರಿಂದ ಇಂದು ಈ ವಿಷಯವನ್ನು ಶಾಂತ ಮನಸ್ಸಿನಿಂದ ವಿವೇಚಿಸೋಣ.

ಮೊದಲು ತಿಳಿಯತಕ್ಕದ್ದು ಇದು: ಆಯ್ಕೆಯ ಹಕ್ಕು ಕೊಂಡವರದು, ಬಿಲ್ಡರನದಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ಜನರ ಬಾಯಲ್ಲಿರುವ 'ರೇರಾ', ತನ್ನ 18ನೆಯ ಕಲಮಿನಲ್ಲಿ ಎರಡು ದಾರಿಗಳನ್ನು ತೆರೆದಿಟ್ಟಿದೆ. ಕರಾರಿನ ದಿನಕ್ಕೆ ಮನೆ ಸಿಗದಿದ್ದರೆ ಕೊಂಡವರು ಹಿಂದೆಗೆದು, ಕಟ್ಟಿದ ಹಣವನ್ನೆಲ್ಲ ಬಡ್ಡಿಸಮೇತ ಕೇಳಬಹುದು. ಇಲ್ಲವೇ ಕೊಳ್ಳುವ ನಿರ್ಧಾರದಲ್ಲೇ ನಿಂತು, ಮನೆ ಕೈಸೇರುವವರೆಗೆ ತಡವಾದ ಪ್ರತಿಯೊಂದು ತಿಂಗಳಿಗೂ ಬಡ್ಡಿ ಪಡೆಯಬಹುದು. ಕರ್ನಾಟಕದ 2017ರ ನಿಯಮಗಳ ಪ್ರಕಾರ ಈ ಬಡ್ಡಿಯು ಭಾರತೀಯ ಸ್ಟೇಟ್ ಬ್ಯಾಂಕಿನ ಎಂ.ಸಿ.ಎಲ್.ಆರ್. ದರಗಳಲ್ಲಿ ಅತ್ಯಧಿಕವಾದುದಕ್ಕೆ ಶೇಕಡಾ 2 ಸೇರಿಸಿದಷ್ಟು. ಸುಪ್ರೀಂ ಕೋರ್ಟು 2021ರ ನವೆಂಬರಿನಲ್ಲಿ ನೀಡಿದ ತೀರ್ಪಿನಲ್ಲಿ, ಹಿಂದೆಗೆಯುವ ಈ ಹಕ್ಕಿಗೆ ಯಾವ ಷರತ್ತೂ ಇಲ್ಲ, ಬಿಲ್ಡರನಿಗೆ ಎದುರಾದ ಅನಿರೀಕ್ಷಿತ ಅಡಚಣೆಗಳೂ ಅದನ್ನು ತಡೆಯಲಾರವು ಎಂದು ಸ್ಪಷ್ಟಪಡಿಸಿದೆ. 'ಕೊರೋನಾದಿಂದ ತಡವಾಯಿತು' ಎಂಬ ಸಮಜಾಯಿಷಿಗೂ ಮಿತಿಯುಂಟು. 2020ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಆ ಕಾರಣಕ್ಕಾಗಿ ಸೂಚಿಸಿದ ವಿಸ್ತರಣೆ ಆರು ತಿಂಗಳದು.

ಹಕ್ಕು ಇದೆಯೆಂದ ಮಾತ್ರಕ್ಕೆ ಅದನ್ನು ಚಲಾಯಿಸುವುದು ಯಾವಾಗಲೂ ಜಾಣತನವೆನ್ನಲಾಗದು. ಲೆಕ್ಕ ಹಾಕಿ ನೋಡೋಣ. ಒಂದು ಕುಟುಂಬ 60 ಲಕ್ಷ ರೂಪಾಯಿಯ ಫ್ಲಾಟಿಗೆ 45 ಲಕ್ಷ ಕಟ್ಟಿದೆಯೆಂದು ಭಾವಿಸೋಣ. ಅದರಲ್ಲಿ 15 ಲಕ್ಷ ಉಳಿತಾಯದ ಹಣ, 30 ಲಕ್ಷ ಬ್ಯಾಂಕಿನ ಸಾಲ. ಹಣ ಕಟ್ಟಿ ಸರಾಸರಿ 3 ವರ್ಷವಾಗಿದೆ, ಕರಾರಿನ ಗಡುವು ದಾಟಿ 2 ವರ್ಷ. ಎಣಿಕೆ ಸುಲಭವಾಗಲೆಂದು ರೇರಾ ಬಡ್ಡಿಯನ್ನು ಶೇಕಡಾ 10 ಎಂದಿಟ್ಟುಕೊಳ್ಳೋಣ. ಬಿಟ್ಟರೆ 45 ಲಕ್ಷ ಅಸಲು, 13.5 ಲಕ್ಷ ಬಡ್ಡಿ, ಒಟ್ಟು 58.5 ಲಕ್ಷ ಬರಬೇಕು. ಅಂಥದೇ ಸಿದ್ಧ ಫ್ಲಾಟಿನ ಇಂದಿನ ಬೆಲೆ 75 ಲಕ್ಷವೆಂದಾದರೆ ಇನ್ನೂ 16.5 ಲಕ್ಷ ಹೊಂದಿಸಬೇಕು. ನಿಂತರೆ ಬಾಕಿ ಕಟ್ಟತಕ್ಕದ್ದು 15 ಲಕ್ಷ. ಎರಡು ವರ್ಷದ ವಿಳಂಬ ಬಡ್ಡಿ 9 ಲಕ್ಷವನ್ನು ಅದರಲ್ಲಿ ಕಳೆದರೆ ಉಳಿಯುವುದು 6 ಲಕ್ಷ. ಅಂದರೆ ನಿಲ್ಲುವವನಿಗೆ 10.5 ಲಕ್ಷದ ಅನುಕೂಲ, ಮನೆ ಬಂದರೆ.

ಈ 'ಬಂದರೆ' ಎಂಬ ಒಂದು ಮಾತಿನ ಮೇಲೆ ಎಲ್ಲವೂ ನಿಂತಿದೆ. ಕಾಯುವ ಕುಟುಂಬ 30 ಲಕ್ಷದ ಸಾಲಕ್ಕೆ ಶೇಕಡಾ 9ರಂತೆ ತಿಂಗಳಿಗೆ 22,500 ರೂಪಾಯಿ ಬಡ್ಡಿ, ಬಾಡಿಗೆಗೆ 15,000, ಒಟ್ಟು 37,500 ತೆರುತ್ತಿದೆ. ವಿಳಂಬಕ್ಕಾಗಿ ಬರಬೇಕಾದ ಬಡ್ಡಿಯೂ ತಿಂಗಳಿಗೆ 37,500. ಕಾಗದದ ಮೇಲೆ ಸರಿದೂಗಿತು! ಆದರೆ ಬ್ಯಾಂಕಿನ ಕಂತು ತಿಂಗಳು ತಿಂಗಳು ತಪ್ಪದೆ ಹೋಗುತ್ತದೆ, ಬಿಲ್ಡರನ ಬಡ್ಡಿ ಆದೇಶವಾದ ಮೇಲೆ, ವಸೂಲಾದ ಮೇಲೆ ಬರುತ್ತದೆ. ಇನ್ನು ಮುಂದಿನ ತಿಂಗಳುಗಳ ಆ ಬಡ್ಡಿ ಕೈಗೆ ಬಾರದಿದ್ದರೆ, 10.5 ಲಕ್ಷದ ಅನುಕೂಲ ಸರಿಯಾಗಿ 28 ತಿಂಗಳಲ್ಲಿ ಕರಗಿಹೋಗುತ್ತದೆ. ನಮ್ಮ ಓದುಗರು ತಮ್ಮ ತಮ್ಮ ಅಂಕಿಗಳನ್ನಿಟ್ಟು ಈ ಲೆಕ್ಕವನ್ನು ಒಂದು ಸಂಜೆ ಗಂಡಹೆಂಡತಿ ಜೊತೆಗೆ ಕುಳಿತು ಮಾಡುವುದು ಲೇಸು. ಎಷ್ಟು ತಿಂಗಳು ಕಾಯಬಹುದು ಎಂಬುದಕ್ಕೆ ಆಗ ಒಂದು ಸಂಖ್ಯೆ ದೊರೆಯುತ್ತದೆ. ಸಂಖ್ಯೆ ದೊರೆತಲ್ಲಿ ಅರ್ಧ ಜಗಳ ಮುಗಿಯುತ್ತದೆ.

ಬಿಟ್ಟವನ ದಾರಿಯೂ ಹೂವಿನ ಹಾಸಿಗೆಯಲ್ಲ. ಅವನಿಗೆ ಬರಬೇಕಾದ 58.5 ಲಕ್ಷ ಆ ಬಿಲ್ಡರನ ಕೈಯಿಂದಲೇ ಬರಬೇಕು. ರೇರಾ ಆದೇಶವನ್ನು ಪಾಲಿಸದಿದ್ದರೆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು 40ನೆಯ ಕಲಮು ಅವಕಾಶವೀಯುತ್ತದೆ. ಆದರೆ ಆದೇಶ ಕೈಗೆ ಬರುವುದು ಬೇರೆ, ಹಣ ಕೈಗೆ ಬರುವುದು ಬೇರೆ. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಹಣ ಹಿಂದಿರುಗಿಸಬಲ್ಲ ಬಿಲ್ಡರನು ಸಾಮಾನ್ಯವಾಗಿ ಕಟ್ಟಡವನ್ನೂ ಮುಗಿಸಬಲ್ಲ. ಕಟ್ಟಡ ಮುಗಿಸಲಾರದವನಿಂದ ಹಣ ಹಿಂಪಡೆಯುವುದೂ ಕಷ್ಟ. ಹಾಗಾಗಿ ಹಿಂದೆಗೆಯುವ ಹಕ್ಕು ಕಾನೂನಿನಲ್ಲಿ ಬಲವಾಗಿಯೇ ಉಳಿದರೂ, ಬಿಲ್ಡರನ ಥೈಲಿ ಬರಿದಾದಂತೆ ಅದರ ಬೆಲೆ ಇಳಿಯುತ್ತ ಹೋಗುತ್ತದೆ. ಬಿಡುವುದಾದರೆ ಬೇಗ ಬಿಡಬೇಕು ಎಂಬುದು ಈ ಕಾರಣದಿಂದ.

ಹಾಗಾದರೆ ಕಟ್ಟಡದ ಸ್ಥಿತಿಯನ್ನು ಅರಿಯುವುದು ಹೇಗೆ? ರವಿವಾರ ಪೂಜೆ ಮುಗಿಸಿ ಮಕ್ಕಳೊಡನೆ ನೋಡಿ ಬಂದರೆ ಸಾಲದು, ಕೆಲಸದ ದಿನವೊಂದರ ಮಧ್ಯಾಹ್ನ ಹೋಗಿ ಎಷ್ಟು ಮಂದಿ ದುಡಿಯುತ್ತಿದ್ದಾರೆಂದು ಎಣಿಸಬೇಕು. ಪ್ರತಿ ಮೂರು ತಿಂಗಳಿಗೊಮ್ಮೆ ಬಿಲ್ಡರನು ಕಾಮಗಾರಿಯ ಪ್ರಗತಿಯನ್ನು ರೇರಾ ತಾಣದಲ್ಲಿ ದಾಖಲಿಸಬೇಕೆಂಬ ನಿಯಮವಿದೆ. ಅದನ್ನೂ, ಯೋಜನೆಯ ನೋಂದಣಿಯ ಅವಧಿ ಇನ್ನೂ ಉಳಿದಿದೆಯೇ ಎಂಬುದನ್ನೂ ನೋಡಬೇಕು. ಕೊಂಡವರ ಹಣದಲ್ಲಿ ಶೇಕಡಾ 70ನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂಬ ಕಟ್ಟಳೆಯೂ ಇದೆ. ಖಾತೆಯಲ್ಲಿ ಹಣವಿದೆಯೇ, ಉಳಿದ ಕೆಲಸಕ್ಕೆ ಅದು ಸಾಕೇ ಎಂದು ಲಿಖಿತವಾಗಿ ಕೇಳಬಹುದು. ಉತ್ತರ ಬಾರದಿರುವುದೂ ಒಂದು ಉತ್ತರವೇ.

ಹೀಗೆ ನೋಡಿದಾಗ ಮೂರು ಪರಿಸ್ಥಿತಿಗಳು ತೋರುತ್ತವೆ. ಕಟ್ಟಡ ಮುಗಿದು, ಸ್ವಾಧೀನಾನುಭವ ಪತ್ರ, ಅಂದರೆ ಓ.ಸಿ., ಮಾತ್ರ ಬಾಕಿಯಿದ್ದರೆ ಸಾಮಾನ್ಯವಾಗಿ ನಿಲ್ಲುವುದೇ ವಿವೇಕ. ತಡವಾದ ತಿಂಗಳುಗಳ ಬಡ್ಡಿಯನ್ನು ಬಾಕಿ ಹಣದಲ್ಲಿ ಹೊಂದಿಸಿಕೊಳ್ಳುವಂತೆ ಕೇಳಬಹುದು. ಆದರೆ ಓ.ಸಿ. ಇಲ್ಲದೆ ಕೀಲಿಕೈ ಕೊಡಬಂದರೆ 'ಮನೆ ಸಿಕ್ಕಿತು' ಎಂದು ರುಜು ಹಾಕುವುದು ಸಲ್ಲದು. ಗ್ರಾಹಕ ಆಯೋಗದ ದಾರಿ ಹಿಡಿದವರು ಇನ್ನೊಂದನ್ನು ನೆನಪಿಡಬೇಕು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇಂಥ ಒಂದು ಪ್ರಕರಣದಲ್ಲಿ, ಓ.ಸಿ. ದೊರೆತು ಮನೆ ಕೊಡಲು ಮುಂದೆ ಬಂದ ಫ್ಲಾಟುಗಳನ್ನು ಕೊಂಡವರು ಪರಿಹಾರದೊಡನೆ ಸ್ವೀಕರಿಸಬೇಕೆಂದೂ, ಓ.ಸಿ. ದೊರೆಯದವುಗಳ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕೆಂದೂ ತೀರ್ಪಿತ್ತಿತು. ನಿರ್ಧಾರವನ್ನು ಮುಂದೂಡುತ್ತ ಹೋದರೆ ನಿರ್ಧಾರವೇ ಕೈತಪ್ಪಬಹುದು ಎಂಬುದಕ್ಕೆ ಇದು ನಿದರ್ಶನ.

ಕೆಲಸ ನಿಧಾನವಾಗಿ ಸಾಗುತ್ತಿದ್ದರೆ, ಬಿಲ್ಡರನಿಂದ ದಿನಾಂಕಸಹಿತ ಲಿಖಿತ ವೇಳಾಪಟ್ಟಿ ಪಡೆದು, ಮೊದಲ ಹಂತ ಮುಗಿಯುವವರೆಗೆ ಕಾದು ನೋಡಬಹುದು. ಮೂರನೆಯ ಪರಿಸ್ಥಿತಿಯೇ ದುಃಖಕರ. ಕಾರ್ಮಿಕರು ಹೋಗಿದ್ದಾರೆ, ಕಬ್ಬಿಣದ ಸರಳುಗಳು ಮಳೆಯಲ್ಲಿ ತುಕ್ಕು ಹಿಡಿಯುತ್ತಿವೆ, ಫೋನು ಎತ್ತುವವರಿಲ್ಲ. ಇಲ್ಲಿ ಒಂಟಿಯಾಗಿ ಕಾಯುವುದು ಕಾಯುವುದೇ ಅಲ್ಲ. ಒಂದೋ ಹಿಂದೆಗೆಯಬೇಕು, ಇಲ್ಲವೇ ಕೊಂಡವರೆಲ್ಲ ಸಂಘ ಕಟ್ಟಬೇಕು. ಯೋಜನೆಯ ನೋಂದಣಿ ಅವಧಿ ಮುಗಿದು ಬಿದ್ದುಹೋದರೆ ಉಳಿದ ಕಾಮಗಾರಿಯನ್ನು ಕೈಗೆತ್ತಿಕೊಳ್ಳುವ ಮೊದಲ ಹಕ್ಕನ್ನು ಕಾಯ್ದೆಯ 8ನೆಯ ಕಲಮು ಅಂಥ ಸಂಘಕ್ಕೇ ಕೊಟ್ಟಿದೆ. ಬಿಲ್ಡರನ ಕಂಪೆನಿ ದಿವಾಳಿ ಪ್ರಕ್ರಿಯೆಗೆ ಒಳಗಾದರೆ ವಸೂಲಿ ಕ್ರಮಗಳಿಗೆ ತಡೆ ಬೀಳುತ್ತದೆ. ಆಗ ಹಣ ಕೇಳುವವರೆಲ್ಲ ಒಂದೇ ಸಾಲಿನಲ್ಲಿ ಕಾಯಬೇಕು. 2018ರ ತಿದ್ದುಪಡಿಯಿಂದಾಗಿ ಮನೆ ಕೊಂಡವರೂ ಆರ್ಥಿಕ ಸಾಲಿಗರ ಸಮಿತಿಯಲ್ಲಿ ಮತ ಪಡೆದಿದ್ದಾರೆ ಎಂಬುದೊಂದು ಸಮಾಧಾನ.

ಲೆಕ್ಕವೂ ಕಾನೂನೂ ಸ್ಪಷ್ಟವಾದ ಮೇಲೂ ಮನಸ್ಸು ಒಪ್ಪದಿರುವುದುಂಟು. ಅದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, 'ಇಷ್ಟು ಸುರಿದಾಯಿತಲ್ಲ' ಎಂಬ ಮೋಹ. ಕೊಟ್ಟ ಹಣ ನಿಂತರೂ ಬಿಟ್ಟರೂ ಕೊಟ್ಟದ್ದೇ. ಇಂದಿನಿಂದ ಮುಂದಕ್ಕೆ ಯಾವ ದಾರಿ ಒಳ್ಳೆಯದು ಎಂಬುದೊಂದೇ ಕೇಳತಕ್ಕ ಪ್ರಶ್ನೆ. ಎರಡನೆಯದು ನಾಚಿಕೆ. ನೆಂಟರಿಗೆಲ್ಲ ಹೇಳಿಯಾಗಿದೆ, ಗೃಹಪ್ರವೇಶದ ಮಾತೂ ಆಡಿಯಾಗಿದೆ. ಆದರೆ ನೆಂಟರು ಕಂತು ಕಟ್ಟುವುದಿಲ್ಲ. ಮೂರನೆಯದು ಕೋಪ. ಬಿಲ್ಡರನಿಗೆ ಬುದ್ಧಿ ಕಲಿಸಬೇಕೆಂಬ ಹಟದಿಂದ, ಎರಡು ತಿಂಗಳಲ್ಲಿ ಸಿಗುವ ಮನೆಯನ್ನು ಬಿಟ್ಟು ಎರಡು ವರ್ಷದ ವ್ಯಾಜ್ಯಕ್ಕೆ ಇಳಿಯುವವರೂ ಇದ್ದಾರೆ.

ಆಯ್ಕೆಯ ಹೊತ್ತಿಗೆ ಮನಸ್ಸನ್ನು ತಿಳಿಯಾಗಿಸುವ ಉಪಾಯವೊಂದನ್ನು ಹದಿನಾರನೆಯ ಶತಮಾನದಲ್ಲಿ ಲೊಯೋಲದ ಸಂತ ಇಗ್ನೇಷಿಯಸರು ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ಸೂಚಿಸಿದ್ದಾರೆ. ತಾನೆಂದೂ ಕಾಣದ, ಆದರೆ ಒಳಿತನ್ನೇ ಬಯಸುವ ಒಬ್ಬ ವ್ಯಕ್ತಿ ಇದೇ ಸಮಸ್ಯೆಯೊಡನೆ ತನ್ನ ಬಳಿ ಬಂದರೆ ಏನು ಸಲಹೆ ಕೊಡುತ್ತಿದ್ದೆನೋ, ಅದನ್ನೇ ತಾನೂ ಪಾಲಿಸುವುದು. ಮನಸ್ಸು ಕುಗ್ಗಿ ಕತ್ತಲಾಗಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬಾರದೆಂದೂ ಅವರು ಎಚ್ಚರಿಸಿದ್ದಾರೆ. ಬಿಲ್ಡರನ ಕಚೇರಿಯಿಂದ ಜಗಳವಾಡಿ ಬಂದ ರಾತ್ರಿ ಹಿಂದೆಗೆಯುವ ಪತ್ರ ಬರೆಯುವುದು ಬೇಡ. ಒಂದು ವಾರ ಕಳೆದು, ಲೆಕ್ಕದ ಹಾಳೆಯನ್ನು ಮುಂದಿಟ್ಟುಕೊಂಡು ಬರೆಯೋಣ.

ಕೊನೆಯದಾಗಿ ಕೆಲವು ಎಚ್ಚರಿಕೆಗಳು. ಬಿಡುವುದಾಗಲಿ ನಿಲ್ಲುವುದಾಗಲಿ, ನಿರ್ಧಾರವನ್ನು ಲಿಖಿತವಾಗಿಯೇ ತಿಳಿಸಬೇಕು, ಬಾಯಿಮಾತು ಸಾಲದು. ಬಿಲ್ಡರನ ಮೇಲಿನ ಸಿಟ್ಟಿನಿಂದ ಬ್ಯಾಂಕಿನ ಕಂತನ್ನು ನಿಲ್ಲಿಸಬಾರದು. ಬ್ಯಾಂಕು ಮತ್ತು ಬಿಲ್ಡರರ ಬಾಧ್ಯತೆಗಳು ಬೇರೆ ಬೇರೆ, ಕಂತು ತಪ್ಪಿದರೆ ಕೆಡುವುದು ಸಾಲಗಾರನ ಹೆಸರು. ಹಣ ಹಿಂದಿರುಗಿದಾಗ ಬ್ಯಾಂಕಿನ ಪಾಲು ಮೊದಲು ಸಲ್ಲುವುದೆಂಬುದನ್ನು ತ್ರಿಪಕ್ಷೀಯ ಒಪ್ಪಂದದಲ್ಲಿ ಓದಿಕೊಳ್ಳಬೇಕು. 'ಪೂರ್ಣ ಇತ್ಯರ್ಥ' ಎಂಬ ಕಾಗದಕ್ಕೆ ಹಣ ಖಾತೆಗೆ ಬರುವ ಮುನ್ನ ರುಜು ಹಾಕಬಾರದು. ಬುಕಿಂಗನ್ನು ಬೇರೊಬ್ಬರಿಗೆ ವರ್ಗಾಯಿಸಿ ಪಾರಾಗುವುದಾದರೆ, ತಡದ ಕಥೆಯನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಹೊರೆಯನ್ನು ಅರಿಯದವನ ಹೆಗಲಿಗೆ ಏರಿಸುವುದು ನ್ಯಾಯವಲ್ಲ.

ಸಹನೆ ದೊಡ್ಡ ಗುಣವೇ ಸರಿ. ಆದರೆ ಯಾವುದಕ್ಕಾಗಿ ಕಾಯುತ್ತೇವೆ, ಎಲ್ಲಿಯವರೆಗೆ ಕಾಯುತ್ತೇವೆ ಎಂಬುದನ್ನು ಬಲ್ಲವನದು ಮಾತ್ರ ಸಹನೆ, ಅದನ್ನರಿಯದೆ ಕಾಯುವುದು ಬರಿಯ ಅನಿಶ್ಚಯ. ಆದುದರಿಂದ ಪ್ರಿಯ ಓದುಗರೇ, ಬಾರದ ಮನೆಗಾಗಿ ಕಾಯುತ್ತಿರುವವರು ಇಂದೇ ಕ್ಯಾಲೆಂಡರಿನಲ್ಲಿ ಒಂದು ದಿನವನ್ನು ಗುರುತು ಮಾಡಿರಿ. ಆ ದಿನದವರೆಗೆ ಜಗಳವಿಲ್ಲದೆ ಕಾಯಿರಿ. ಅಷ್ಟರೊಳಗೆ ಕೆಲಸ ಸಾಗಿದ್ದರೆ ನಿಲ್ಲಿರಿ, ಸಾಗದಿದ್ದರೆ ಪತ್ರ ಬರೆಯಿರಿ. ಗೋಡೆಗಳು ಇನ್ನೂ ಏಳದಿರಬಹುದು, ಆದರೆ ಅವುಗಳೊಳಗೆ ಬಾಳಬೇಕಾದ ಸಂಸಾರ ಈಗಾಗಲೇ ಇದೆ. ಮನೆಯ ಚಿಂತೆಯಲ್ಲಿ ಅದು ಬಿರುಕು ಬಿಡದಿರಲಿ.